ಟವರು ಬರುವ ಜಾಗ

ಮಾರೇನಹಳ್ಳಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಹದಿನಾರು ವರ್ಷದಿಂದ ಕನ್ನಡ ಟೈಪಿಂಗ್ ಮಾಡುತ್ತಿದ್ದೇನೆ. ಬಾಡಿಗೆ ಕರಾರು, ತಹಸೀಲ್ದಾರರಿಗೆ ಅರ್ಜಿ, ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಗಣೇಶನ ಹಬ್ಬ ಬಂದರೆ ಬೀದಿಯವರ ಬ್ಯಾನರು, ಎಲ್ಲ ನನ್ನ ಕೈಯಿಂದಲೇ ಆಗಬೇಕು. ಇಂಗ್ಲಿಷಿನಲ್ಲಿ ತಂದದ್ದನ್ನು ಕನ್ನಡ ಮಾಡಿಕೊಡುವ ಕೆಲಸವೂ ಬರಬರುತ್ತಾ ನನ್ನ ತಲೆಗೇ ಬಂತು. ಓದಿದ್ದು ಬಿ.ಎ.ವರೆಗೆ. ಆದರೂ ಕಚೇರಿ ಕನ್ನಡ ನನಗೆ ಚೆನ್ನಾಗಿ ಕೈಗೆ ಹತ್ತಿದೆ. "ಸದರಿ", "ಮೇಲ್ಕಂಡ", "ಚೆಕ್ಕುಬಂದಿ", ಇಂಥ ಮಾತುಗಳನ್ನು ಕೀಲಿಮಣೆ ನೋಡದೆಯೇ ಹೊಡೆಯುತ್ತೇನೆ.

ಹೋದ ವರ್ಷ ಯುಗಾದಿ ಆದ ಮೇಲೆ ಒಂದು ಬೆಳಿಗ್ಗೆ ಇಸ್ತ್ರಿ ಶರಟಿನ ಒಬ್ಬರು ಬಂದರು. ಕುತ್ತಿಗೆಯಲ್ಲಿ ಕಂಪನಿಯ ಕಾರ್ಡು, ಕೈಯಲ್ಲಿ ದಪ್ಪ ಕಾಗದದ ಇಂಗ್ಲಿಷ್ ಪುಸ್ತಿಕೆ. ಕೆಂಗೇರಿ ಕಡೆ ಒಂದು ಕೆರೆಯ ದಂಡೆಯಲ್ಲಿ ನಲವತ್ತೆರಡು ಮಹಡಿಯ ಟವರು ಕಟ್ಟುವ ಯೋಚನೆ ಇದೆಯಂತೆ. ಕೆಳಗಿನ ಮಹಡಿಗಳಲ್ಲಿ ಅಂಗಡಿ, ಸಿನಿಮಾ. ಅದರ ಮೇಲೆ ಆಫೀಸುಗಳು, ಆಮೇಲೆ ಒಂದು ಹೋಟೆಲು, ಎಲ್ಲಕ್ಕಿಂತ ಮೇಲೆ ಮನೆಗಳು. ಸುತ್ತಮುತ್ತಲ ಜನರನ್ನು ಕರೆದು ಸಭೆ ಮಾಡಬೇಕು, ಅದಕ್ಕೆ ಮುಂಚೆ ಮನೆಮನೆಗೆ ಹಂಚಲು ಎರಡು ಪುಟದ ಕರಪತ್ರ ಬೇಕು, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಮಾಡಿಕೊಡಿ ಎಂದರು. ಮರ್ಯಾದಸ್ಥ ಮನುಷ್ಯ. ನನಗೂ ಟೀ ತರಿಸಿ, ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು.

ಪುಸ್ತಿಕೆಯ ಮೊದಲ ಪುಟದ ತುಂಬ ಒಂದೇ ಚಿತ್ರ. ನೀಲಿ ನೀರು, ನೀರಿನಂಚಿಗೆ ಗಾಜಿನ ಕಟ್ಟಡ, ಮಕ್ಕಳ ಕೈ ಹಿಡಿದು ನಡೆಯುವ ಅಪ್ಪ ಅಮ್ಮಂದಿರು. ಇಡೀ ಪಶ್ಚಿಮ ಬೆಂಗಳೂರಿಗೆ ಇದೊಂದು ಲ್ಯಾಂಡ್‌ಮಾರ್ಕ್ ಆಗುತ್ತದೆ ಎಂದು ಕೆಳಗೆ ಬರೆದಿತ್ತು. ನಾನು "ಹೆಗ್ಗುರುತು" ಎಂದು ಹಾಕಿದೆ. ಅವರಿಗೆ ಆ ಪದ ಹಿಡಿಸಿತು, ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿದರು. ನನಗೂ ಖುಷಿಯಾಯಿತು. ಒಂದು ಗಂಟೆಯಲ್ಲಿ ಮೊದಲ ಪುಟ ಮುಗಿಯಿತು.

ಎರಡನೇ ಪುಟದಲ್ಲಿ ಜಾಗದ ವಿವರ. ಊರಿನ ಹೆಸರು ಬಂದಾಗ ನನ್ನ ಕೈ ನಿಂತಿತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಖಾಸಗಿ ಬಡಾವಣೆ, ದಕ್ಷಿಣಕ್ಕೆ ಹಳೆಯ ಹುಣಸೆ ತೋಪು, ಉತ್ತರಕ್ಕೆ ಕೆರೆ ಏರಿ. ನಡುವೆ ಇರುವುದು ಖಾಲಿ ಜಾಗ. ಆ ಊರು ನನ್ನ ಅತ್ತೆಯ ತವರು. ಆ ಏರಿಯ ಮಾತು, ಆ ತೋಪಿನ ಮಾತು ಅತ್ತೆಯ ಬಾಯಲ್ಲಿ ಕೇಳಿದ್ದೆ.

"ಸಾರ್, ಇಲ್ಲಿ ಒಂದು ಸ್ಮಶಾನ ಇತ್ತಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. "ರೆಕಾರ್ಡಲ್ಲಿ ಇಲ್ಲ ಮೇಡಂ. ಎಲ್ಲ ಚೆಕ್ ಮಾಡಿಸಿದೀವಿ. ಖಾಲಿ ಜಾಗ ಅಂತಾನೇ ಹಾಕಿ."

ಹಾಕಿದೆ. ಪ್ರೂಫ್ ತೆಗೆದು ಕೊಟ್ಟೆ. ಅವರು ಓದಿ, ಎರಡು ಕಡೆ ಕೊಂಬು ದೀರ್ಘ ತಿದ್ದಿಸಿ, ಥ್ಯಾಂಕ್ಸ್ ಹೇಳಿ ಹೋದರು. ಆ ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ನಾವು ರಾಜಾಜಿನಗರದಲ್ಲಿದ್ದೆವು. ನನ್ನ ಗಂಡ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ವಠಾರದಲ್ಲಿ ಒಂದು ರೂಮು, ಒಂದು ಅಡುಗೆಮನೆ. ಅತ್ತೆ, ಭಾವ, ನಾವಿಬ್ಬರು. ಮದುವೆಯಾದ ಎರಡನೇ ವರ್ಷ ನನಗೆ ಹೆಣ್ಣುಮಗು ಹುಟ್ಟಿತು. ನನಗೆ ಅಮ್ಮ ಇರಲಿಲ್ಲ, ಹಾಗಾಗಿ ಬಾಣಂತನವೂ ಅತ್ತೆಮನೆಯಲ್ಲೇ. ಮೂರು ತಿಂಗಳು ತುಂಬಿದ ಮೇಲೆ ಹೆಸರಿಡೋಣ ಎಂದು ಅತ್ತೆ ಹೇಳಿದ್ದರು. ಅಲ್ಲಿಯವರೆಗೆ ಎಲ್ಲರೂ ಪಾಪು ಎನ್ನುತ್ತಿದ್ದೆವು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಮಗು ಹಾಲು ಕುಡಿಯಲಿಲ್ಲ. ತುಟಿ ಕಪ್ಪಾಗುತ್ತಾ ಬಂತು. ಗಂಡ ಓಡಿಹೋಗಿ ಆಟೋ ತಂದರು. ಮಗುವನ್ನು ಎದೆಗವಚಿಕೊಂಡು ಕೂತಿದ್ದೆ. ಆಸ್ಪತ್ರೆ ಇನ್ನೂ ಎರಡು ತಿರುವು ಇದೆ ಎನ್ನುವಾಗ ಅದರ ಮೈ ಸಡಿಲವಾಗಿದ್ದು ನನಗೇ ಗೊತ್ತಾಯಿತು. ಮುಂದೆ ಡ್ರೈವರ್ ಪಕ್ಕದಲ್ಲಿದ್ದ ಭಾವ ತಿರುಗಿ ನೋಡಿದರು, ಮುಟ್ಟಿ ನೋಡಿದರು, ಆಟೋ ವಾಪಸ್ ತಿರುಗಿಸಲು ಹೇಳಿದರು. ಆಸ್ಪತ್ರೆಗೆ ಹೋಗಿ ಇನ್ನೇನು ಮಾಡುವುದಿದೆ ಎಂದರು. ಆಗ ಯಾರಿಗೂ ಅದು ತಪ್ಪು ಎನ್ನಿಸಲಿಲ್ಲ.

ನಮ್ಮಲ್ಲಿ ದೊಡ್ಡವರನ್ನು ಸುಡುತ್ತಾರೆ, ಹಲ್ಲು ಬಾರದ ಮಕ್ಕಳನ್ನು ಹೂಳುತ್ತಾರೆ. ಅತ್ತೆಯ ತವರಿನ ಕೆರೆ ಹತ್ತಿರ ಅದಕ್ಕೊಂದು ಜಾಗ ಇತ್ತು. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಗಂಡ ಮತ್ತು ಭಾವ ಮಗುವನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಅದೇ ಆಟೋದಲ್ಲಿ ಹೊರಟರು. ಹೆಂಗಸರು ಹೋಗುವಂತಿಲ್ಲ, ಅದರಲ್ಲೂ ಬಾಣಂತಿ ಹೊಸಿಲು ದಾಟುವಂತೆಯೇ ಇಲ್ಲ. ನಾನು ಮಂಚದ ಮೇಲೆ ಕೂತೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಎದೆಯಲ್ಲಿ ಹಾಲು ಬಿಗಿದು ರವಿಕೆ ಒದ್ದೆಯಾಯಿತು. ಅತ್ತೆ ಯಾರನ್ನೋ ಕಳಿಸಿ ಮಲ್ಲಿಗೆ ಹೂ ತರಿಸಿ, ಎದೆಯ ಮೇಲೆ ಹರವಿ, ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿದರು. ಹಾಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ನಾಲ್ಕು ದಿನ ಹೂ ಬದಲಾಯಿಸುತ್ತಿದ್ದರು.

ಸಂಜೆ ಗಂಡ ಮನೆಗೆ ಬಂದು ಸ್ನಾನ ಮಾಡಿ ಗೋಡೆಗೆ ಒರಗಿದರು. ಎಲ್ಲಿ ಎಂದು ಕೇಳಿದೆ. ಹೊಂಗೆ ಮರದ ಬುಡದಲ್ಲಿ, ನೆರಳಿದೆ ಎಂದರು. ಅಷ್ಟೇ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಅತ್ತೆ ಹೋದರು, ಭಾವ ಹೋದರು. ನಾವು ವಿಜಯನಗರಕ್ಕೆ ಮನೆ ಬದಲಾಯಿಸಿದೆವು. ಮಗುವಿನ ಮಾತು ಮನೆಯಲ್ಲಿ ಮತ್ತೆ ಬರಲೇ ಇಲ್ಲ. ನಾನು ಮಾತ್ರ ಎಲ್ಲೇ ಹೊಂಗೆ ಮರ ಕಂಡರೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದೆ.

ಕರಪತ್ರದ ವಿಷಯ ಗಂಡನಿಗೆ ಹೇಳಿದೆ. ಕಾರ್ಖಾನೆಯ ಸದ್ದಿಗೆ ಅವರ ಕಿವಿ ಮಂದವಾಗಿದೆ, ಹಾಗಾಗಿ ಎರಡು ಸಲ ಹೇಳಬೇಕಾಯಿತು. ಟವರು ಬರುವ ಮುಂಚೆ ನನಗೆ ಆ ಜಾಗ ತೋರಿಸಿ ಎಂದೆ. ನೋಡಿ ಏನು ಮಾಡ್ತೀಯ ಎಂದರು. ಮಾರನೇ ದಿನ ಕೇಳಿದೆ, ಅದರ ಮಾರನೇ ದಿನವೂ ಕೇಳಿದೆ. ಹತ್ತು ದಿನ ಹೀಗೇ ಆಯಿತು. ಕೊನೆಗೆ ಒಂದು ಭಾನುವಾರ ಅವರೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು.

ಮೆಟ್ರೋದಲ್ಲಿ ಕೆಂಗೇರಿಯವರೆಗೆ, ಅಲ್ಲಿಂದ ಆಟೋ. ಅತ್ತೆ ಇದ್ದಾಗ ಹಬ್ಬಕ್ಕೆಂದು ಒಂದೆರಡು ಸಲ ಆ ಊರಿಗೆ ಹೋಗಿದ್ದೆ, ಕೆರೆ ಕಡೆ ಯಾರೂ ನನ್ನನ್ನು ಕರೆದೊಯ್ದಿರಲಿಲ್ಲ. ಈಗ ಊರಿನ ಸುತ್ತ ಅಪಾರ್ಟ್‌ಮೆಂಟುಗಳು. ಕೆರೆಯ ನೀರು ಅರ್ಧ ಭಾಗ ಕಳೆ ಮುಚ್ಚಿಕೊಂಡಿತ್ತು, ಉಳಿದರ್ಧದಲ್ಲಿ ಬಿಳಿ ನೊರೆ. ಮೋರಿ ನೀರಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಇಳಿದೆ. ಏರಿಯ ಕೆಳಗಿನ ಜಾಗಕ್ಕೆ ನೀಲಿ ತಗಡಿನ ಬೇಲಿ ಹಾಕಿದ್ದರು. ತಗಡಿನ ಮೇಲೆ ಅದೇ ಚಿತ್ರ, ಆ ನೀಲಿ ನೀರು, ಆ ಗಾಜಿನ ಕಟ್ಟಡ.

ಗೇಟಿನಲ್ಲಿದ್ದ ವಾಚ್‌ಮನ್ ಯಾದಗಿರಿ ಕಡೆಯವನು, ನಲವತ್ತರ ಮೇಲಿನ ವಯಸ್ಸು. ಒಳಗೆ ಬಿಡುವಂತಿಲ್ಲ, ಸಾಹೇಬರು ಬೈಯುತ್ತಾರೆ ಎಂದ. ಯಾಕೆ ಬಂದಿದ್ದೇವೆ ಎಂದು ನಾನು ಹೇಳಿದೆ. ಅವನು ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಹೋಗಿ ಬರ್ರಿ ಅಮ್ಮಾರ. ನಾ ಇಲ್ಲೇ ನಿಂತಿರ್ತೀನಿ," ಎಂದು ಗೇಟು ಸರಿಸಿದ.

ಒಳಗೆ ಜೆಸಿಬಿ ಓಡಾಡಿ ನೆಲ ಮಟ್ಟ ಮಾಡಿತ್ತು. ಅಲ್ಲಲ್ಲಿ ಕಡಿದ ಮರದ ಬೊಡ್ಡೆಗಳು. ಗಂಡ ಮುಂದೆ ಮುಂದೆ ನಡೆದರು. ಒಂದು ಬೊಡ್ಡೆಯ ಹತ್ತಿರ ನಿಂತು, ಇಲ್ಲಿ ಎಂದರು. ನಾನು ಕೂತು ನೆಲ ಮುಟ್ಟಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವರು ಇನ್ನೊಂದು ಬೊಡ್ಡೆಯ ಹತ್ತಿರ ಹೋಗಿ ನಿಂತಿದ್ದರು. ಇದೇ ಇರಬೇಕು ಎಂದರು. ಅಲ್ಲಿಗೂ ಹೋದೆ. ಅದು ಹೊಂಗೆಯಲ್ಲ, ಜಾಲಿ. ಬೊಡ್ಡೆಯ ಪಕ್ಕದಲ್ಲಿ ಮುಳ್ಳಿನ ಕೊಂಬೆ ಇನ್ನೂ ಬಿದ್ದಿತ್ತು. ಮಗುವಿನ ತಲೆ ಯಾವ ಕಡೆಗೆ ಮಾಡಿದಿರಿ ಎಂದು ಕೇಳಿದೆ. ಅವರು ಒಮ್ಮೆ ಕೆರೆಯ ಕಡೆ, ಒಮ್ಮೆ ರಸ್ತೆಯ ಕಡೆ ನೋಡಿದರು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು.

"ನಾನು ಇಲ್ಲಿಗೆ ಬರ್ಲೇ ಇಲ್ಲ ಕಣೇ," ಎಂದರು.

ಅವರು ಹೇಳಿದ್ದು ಇಷ್ಟು. ರಾಜಾಜಿನಗರದಿಂದ ಮೈಸೂರು ರಸ್ತೆಯವರೆಗೆ ಮಗು ಅವರ ತೊಡೆಯ ಮೇಲೇ ಇತ್ತು. ಊರಿಗೆ ತಿರುಗುವಲ್ಲಿ ಒಂದು ಟೀ ಅಂಗಡಿ. ಅವರ ಸೋದರಮಾವ ಗುದ್ದಲಿ ಹಿಡಿದುಕೊಂಡು ಅಲ್ಲಿ ಕಾಯುತ್ತಿದ್ದರು. ಆಟೋ ನಿಂತಾಗ ಟೀ ಅಂಗಡಿಯವನು ಪಂಚೆಯ ಗಂಟು ನೋಡಿ, ಕೂಸು ಮಲಗಿದೆಯಾ ಅಣ್ಣ ಎಂದು ಕೇಳಿದ. ಇವರು ಹೂಂ ಎಂದರು. ಹೂಂ ಎಂದ ಮೇಲೆ ಕಾಲು ಏಳಲಿಲ್ಲ. ಭಾವ ಇವರ ಕೈಯಿಂದ ಮಗುವನ್ನು ತೆಗೆದುಕೊಂಡರು, ನೀನು ಇಲ್ಲೇ ಇರು ಎಂದರು. ಅವರಿಬ್ಬರೇ ಹೋಗಿ ಬಂದರು. ಎಲ್ಲಿ ಹೂತಿರಿ ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಂಗೆ ಮರ ಇದ್ದದ್ದು ಆ ಟೀ ಅಂಗಡಿಯ ಮುಂದೆ. ಸಂಜೆ ನಾನು ಕೇಳಿದಾಗ ಅವರ ಕಣ್ಣಿಗೆ ಅದೇ ಬಂತಂತೆ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಪ್ಪತ್ತೇಳು ವರ್ಷ ನಾನು ಎಷ್ಟು ಮರದ ಮುಂದೆ ನಿಂತಿದ್ದೆ ಎಂದು ಹೇಳಿಬಿಡಬೇಕು ಎನ್ನಿಸಿತು. ಹೇಳಲಿಲ್ಲ. ಎದ್ದು ಗೇಟಿನ ಕಡೆ ನಡೆದೆ. ವಾಪಸ್ ಬರುವಾಗ ಮೆಟ್ರೋದಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಅವರ ಜೊತೆ ಮಾತಾಡಲು ನನಗೆ ಒಂದು ವಾರ ಬೇಕಾಯಿತು. ಆ ವಾರದಲ್ಲಿ ಅವರು ಅಡುಗೆಮನೆಗೆ ಬಂದು ತಾವೇ ಅನ್ನ ಬಡಿಸಿಕೊಂಡು ತಿನ್ನುತ್ತಿದ್ದರು.

ಗುದ್ದಲಿ ಹಿಡಿದಿದ್ದ ಆ ಸೋದರಮಾವ ಇನ್ನೂ ಬದುಕಿದ್ದರು. ಎಂಬತ್ತು ದಾಟಿತ್ತು, ಅದೇ ಊರಿನಲ್ಲಿ ಮೊಮ್ಮಕ್ಕಳ ಮನೆಯ ಹೊರಗಿನ ರೂಮಿನಲ್ಲಿ ಇರುತ್ತಿದ್ದರು. ಮುಂದಿನ ಭಾನುವಾರ ನಾನೊಬ್ಬಳೇ ಹೊರಟೆ. ಬೀದಿ ತಿರುಗುವಾಗ ನೋಡಿದರೆ ಗಂಡ ಹಿಂದೆಯೇ ಬರುತ್ತಿದ್ದರು.

ಮಾವನಿಗೆ ನೆನಪು ಚೆನ್ನಾಗಿತ್ತು. ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ಇತ್ತಲ್ಲ, ಅದರ ಕಾಲುವೆಯ ಪಕ್ಕ, ತೂಬಿನಿಂದ ಆರೇಳು ಹೆಜ್ಜೆ ಎಂದರು. ಊರಿನ ಎಳೆಮಕ್ಕಳನ್ನೆಲ್ಲ ಅಲ್ಲೇ ಒಂದು ಸಾಲಿನಲ್ಲಿ ಹೂಳುತ್ತಿದ್ದರು. ಅವರದೇ ಒಂದು ಮಗುವೂ ಆ ಸಾಲಿನಲ್ಲಿದೆ. ನಾಯಿ ಕೆದಕದ ಹಾಗೆ ಎದೆಮಟ್ಟ ಅಗೆದು, ಮೇಲೆ ಮುಳ್ಳು ಹಾಕಿ, ಮೂರು ಕಲ್ಲು ಇಟ್ಟಿದ್ದೆ ಎಂದರು. ತಲೆ ಯಾವ ಕಡೆಗೆ ಎಂದು ಕೇಳಿದೆ. ತೆಂಕಲಿಗೆ ಎಂದು ತಟ್ಟನೆ ಹೇಳಿದರು. ನನ್ನ ಎದೆ ಆಗ ಸ್ವಲ್ಪ ಹಗುರವಾಯಿತು. ಯಾರೋ ಒಬ್ಬರು ಸರಿಯಾಗಿ ಮಾಡಿದ್ದರು.

ಕಂಪನಿಯವರು ಅದನ್ನು ಖಾಲಿ ಜಾಗ ಎನ್ನುತ್ತಾರೆ, ಊರಿನವರು ಯಾರೂ ಹೇಳಲಿಲ್ಲವೇ ಎಂದೆ. ಮಾವ ಸ್ವಲ್ಪ ಹೊತ್ತು ಕಂಬಳಿಯ ಎಳೆ ಕೀಳುತ್ತಾ ಕೂತರು.

"ಕಾಗದಕ್ಕೆ ನಾನೂ ರುಜು ಹಾಕಿದ್ದೀನಿ ಕಣಮ್ಮ," ಎಂದರು. "ಹಿರೀಕ್ರು ನಾಕು ಜನ ಹಾಕ್ಬೇಕು ಅಂದ್ರು. ಸ್ಮಶಾನ ಇಲ್ಲ ಅಂತ ಬರೆದಿತ್ತು. ಊರ ಸ್ಮಶಾನ ಆ ಕಡೆ ಗುಡ್ಡದ ಹತ್ರ ಐತೆ. ಮಕ್ಕಳನ್ನ ಇಟ್ಟಿದ್ದ ಜಾಗಾನ ಸ್ಮಶಾನ ಅಂತ ನಾವು ಯಾವತ್ತೂ ಅಂದಿಲ್ವಲ್ಲ."

ಟವರು ಬಂದರೆ ಕೆಳಗಿನ ಮಹಡಿಯಲ್ಲಿ ಅಂಗಡಿ ಕೊಡಿಸುತ್ತೇವೆ ಎಂದು ಮೊಮ್ಮಕ್ಕಳಿಗೆ ಯಾರೋ ಆಸೆ ಹಚ್ಚಿದ್ದರಂತೆ. ಮನೆಯವರು ರುಜು ಹಾಕಿ ತಾತ ಎಂದರು, ಹಾಕಿದರು. ಆಮೇಲೆ ಎರಡು ದಿನ ಊಟ ಸೇರಲಿಲ್ಲ ಎಂದರು. ನಾನು ಅವರ ಮೇಲೆ ಏನೆಂದು ಸಿಟ್ಟು ಮಾಡಲಿ? ಅವರ ಕೈ ನನ್ನ ಮಗುವಿಗೆ ಮಣ್ಣು ಕೊಟ್ಟ ಕೈ. ಬನ್ನಿ ಮಾವ, ಜಾಗ ತೋರಿಸಿ ಎಂದೆ. ಅವರು ಕೋಲು ಹಿಡಿದು ಎದ್ದರು.

ವಾಚ್‌ಮನ್ ನಮ್ಮ ಗುರುತು ಹಿಡಿದು ಗೇಟು ತೆಗೆದ. ನನ್ನ ಗಂಡ ಒಂದು ಕಡೆ, ನಾನೊಂದು ಕಡೆ ಮಾವನನ್ನು ಹಿಡಿದುಕೊಂಡೆವು. ಏರಿಯ ಕೆಳಗೆ ಬಂದು ಮಾವ ತೂಬು ಹುಡುಕಿದರು. ತೂಬು ಇರಲಿಲ್ಲ. ಹೊರಗಿನಿಂದ ಲಾರಿಗಳಲ್ಲಿ ತಂದ ಮಣ್ಣು ಏರಿಯ ಅರ್ಧದವರೆಗೂ ಬಿದ್ದಿತ್ತು. ಕಾಲುವೆಯೂ ಕಾಣಲಿಲ್ಲ. ತೋಪಿನ ಕಡೆಯಿಂದ ಲೆಕ್ಕ ಹಾಕೋಣ ಎಂದು ಅತ್ತ ನಡೆದರು, ಅಲ್ಲಿ ಹುಣಸೆ ಮರ ಎರಡೇ ಉಳಿದಿದ್ದವು. ಕೋಲು ಊರುತ್ತಾ ನಾಲ್ಕು ಸಲ ಆ ಕಡೆಯಿಂದ ಈ ಕಡೆಗೆ ಹೋದರು. ಬಿಸಿಲು ಏರುತ್ತಿತ್ತು. ಸಾಕು ಮಾವ ಎಂದೆ. ಅವರು ಕೇಳಲಿಲ್ಲ. ಐದನೇ ಸಲ ನಡುವೆ ನಿಂತು, ಕೋಲಿನಿಂದ ಆ ಹೊಸ ಮಣ್ಣನ್ನು ಒಂದೇ ಸಮನೆ ಕುಕ್ಕತೊಡಗಿದರು. ನನ್ನ ಗಂಡ ಕೈ ಹಿಡಿದು ನಿಲ್ಲಿಸಿದರು.

ಸಭೆ ನಡೆದದ್ದು ಆ ಊರಿನ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಪ್ರತಿ ಕುರ್ಚಿಯ ಮೇಲೂ ನಾನು ಟೈಪ್ ಮಾಡಿದ ಕರಪತ್ರ. ವೇದಿಕೆಯ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ಟವರಿನ ಮಾದರಿ ಇಟ್ಟು ಲೈಟು ಹಾಕಿದ್ದರು. ಜನ ಅದರ ಸುತ್ತ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಮಾತು ಕೇಳಿಸಲೆಂದು ಗಂಡನನ್ನು ಸ್ಪೀಕರಿನ ಹತ್ತಿರ ಕೂರಿಸಿ ಪಕ್ಕದಲ್ಲಿ ಕೂತೆ. ಒಬ್ಬರು ಪಾರ್ಕಿಂಗ್ ಬಗ್ಗೆ ಕೇಳಿದರು. ಒಬ್ಬರು ಊರಿನ ಹುಡುಗರಿಗೆ ಸೆಕ್ಯುರಿಟಿ ಕೆಲಸವಲ್ಲದೆ ಬೇರೆ ಕೆಲಸವೂ ಕೊಡಬೇಕು ಎಂದರು. ಕೆರೆ ವಾಸನೆಗೆ ಏನು ಮಾಡುತ್ತೀರಿ ಎಂದು ಒಬ್ಬ ಹೆಂಗಸು ಕೇಳಿದಳು. ಎಲ್ಲದಕ್ಕೂ ವೇದಿಕೆಯ ಮೇಲಿದ್ದ ಸರ್ಕಾರಿ ಅಧಿಕಾರಿಗಳು ನೋಟ್ ಮಾಡಿಕೊಂಡಿದ್ದೇವೆ ಎನ್ನುತ್ತಿದ್ದರು.

ನಾನು ಕೈ ಎತ್ತಿದೆ. ಮೈಕು ಕೈಗೆ ಬಂದಾಗ ಮನೆಯಲ್ಲಿ ಬರೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಈ ಕರಪತ್ರ ಟೈಪ್ ಮಾಡಿದ್ದು ನಾನೇ," ಎಂದೆ. "ಇದರಲ್ಲಿ ಖಾಲಿ ಜಾಗ ಅಂತ ಹಾಕಿದ್ದೀನಿ. ಅದು ಖಾಲಿ ಜಾಗ ಅಲ್ಲ. ಅಲ್ಲಿ ಮಕ್ಕಳನ್ನ ಹೂತಿದ್ದಾರೆ. ನನ್ನ ಮಗಳೂ ಅಲ್ಲಿದ್ದಾಳೆ."

ನಡುವೆ ಕೂತಿದ್ದ ಅಧಿಕಾರಿ ಒರಟು ಮನುಷ್ಯನಲ್ಲ. ಕನ್ನಡಕ ತೆಗೆದು, ದಾಖಲೆ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮಗುವಿನ ಹೆಸರು ಹೇಳಿ, ಬರೆದುಕೊಳ್ಳುತ್ತೇವೆ ಎಂದರು.

"ಹೆಸರು ಇಟ್ಟಿರಲಿಲ್ಲ ಸಾರ್."

ಅವರು ಪೆನ್ನು ಹಿಡಿದುಕೊಂಡೇ ಇದ್ದರು. ನಾನು ಹಿಂದೆ ತಿರುಗಿ ನೋಡಿದೆ. ಆ ಊರಿನ ಹಳೆಯ ಜನ ಅಲ್ಲಿ ನೂರು ಮಂದಿಯಾದರೂ ಇದ್ದರು. ಮೊದಲ ಸಾಲಿನಲ್ಲಿ ಮಾವನ ಮೊಮ್ಮಕ್ಕಳಿದ್ದರು. ಯಾರಾದರೂ ಎದ್ದು ನಿಲ್ಲುತ್ತಾರೆ ಎಂದು ಕಾದೆ. ಹಿಂದಿನಿಂದ ಯಾರೋ, ಹಾಗೆ ನೋಡಿದರೆ ಬೆಂಗಳೂರಲ್ಲಿ ಎಲ್ಲಿ ಅಗೆದರೂ ಯಾರಾದರೂ ಸಿಗುತ್ತಾರೆ ಎಂದರು. ನಾಲ್ಕು ಜನ ನಕ್ಕರು. ಮೈಕು ಮುಂದಿನವರ ಕೈಗೆ ಹೋಯಿತು.

ಹೊರಗೆ ಚಪ್ಪಲಿ ಹುಡುಕುವಾಗ ಒಬ್ಬ ಮುದುಕಿ ನನ್ನ ಮೊಣಕೈ ಹಿಡಿದಳು. ತನ್ನವೂ ಎರಡು ಆ ಸಾಲಿನಲ್ಲಿವೆ, ಒಂದು ಗಂಡು ಒಂದು ಹೆಣ್ಣು ಎಂದಳು. ಮನೆಯಲ್ಲಿ ಮಕ್ಕಳು ಬಾಯಿ ಬಿಡಬೇಡ ಎಂದಿದ್ದಾರೆ, ತಪ್ಪು ತಿಳ್ಕೋಬೇಡ ತಾಯಿ ಎಂದಳು. ನನ್ನ ಉತ್ತರಕ್ಕೆ ಕಾಯದೆ ಹೊರಟುಹೋದಳು.

ಮಾರನೇ ದಿನ ಅಂಗಡಿಯ ಯಜಮಾನರು ನನ್ನನ್ನು ಒಳಗೆ ಕರೆದು, ಗಿರಾಕಿಗಳ ಕೆಲಸದ ವಿಷಯ ಹೊರಗೆ ಆಡಬಾರದಿತ್ತು ಎಂದರು. ಕೆಲಸದಿಂದ ತೆಗೆಯಲಿಲ್ಲ. ಅವರ ಮುಖ ನೋಡಿದರೆ ಪಾಪ ಅವರಿಗೂ ಹೇಳಲು ಕಷ್ಟವಾಗಿತ್ತು.

ದಾಖಲೆ ಎಂದರಲ್ಲ, ಅದನ್ನೇ ಹುಡುಕಲು ಹೊರಟೆ. ರಾಜಾಜಿನಗರದ ಕಚೇರಿಯಲ್ಲಿ ಜನನ ಮರಣದ ವಿಭಾಗದಲ್ಲಿ ನನ್ನ ವಯಸ್ಸಿನವರೇ ಒಬ್ಬ ಹೆಂಗಸು ಇದ್ದರು. ಹುಟ್ಟಿದ ದಿನ, ಆಸ್ಪತ್ರೆ, ತಂದೆ ತಾಯಿಯ ಹೆಸರು ಕೇಳಿ, ಮೂರು ದಿನ ಬಿಟ್ಟು ಬರಲು ಹೇಳಿದರು. ಹೋದಾಗ ಜನನದ ನಮೂದು ಸಿಕ್ಕಿತ್ತು. ಹೆರಿಗೆಯಾದ ಆಸ್ಪತ್ರೆಯವರೇ ಆಗ ಬರೆಸಿದ್ದರು. ಹೆಸರಿನ ಜಾಗದಲ್ಲಿ ಒಂದು ಗೆರೆ, ಪಕ್ಕದಲ್ಲಿ "ಹೆಣ್ಣು". ಮರಣದ ನಮೂದು ಇರಲಿಲ್ಲ. ಇರುವುದಾದರೂ ಹೇಗೆ? ಆಟೋ ಅರ್ಧ ದಾರಿಯಿಂದ ತಿರುಗಿತ್ತು.

ಈಗ ಬರೆಸಬಹುದೇ ಎಂದು ಕೇಳಿದೆ. ಇಷ್ಟು ವರ್ಷವಾದ ಮೇಲೆ ನ್ಯಾಯಾಲಯದ ಆದೇಶ ಬೇಕು, ಅದಕ್ಕೆ ಎಲ್ಲಿ ಹೂಳಿದರು ಎನ್ನುವುದಕ್ಕೆ ಸ್ಮಶಾನದ ರಸೀದಿಯಂಥದ್ದು ಏನಾದರೂ ಬೇಕಾಗುತ್ತದೆ ಎಂದರು. ಹೂಳಿದ ಜಾಗ ಇದೆ ಎಂದು ತೋರಿಸಲಿಕ್ಕೇ ನನಗೆ ಈ ಕಾಗದ ಬೇಕಾಗಿದೆ ಎಂದೆ. ಆಕೆ ತಲೆ ತಗ್ಗಿಸಿಕೊಂಡು ಜನನ ಪ್ರಮಾಣಪತ್ರಕ್ಕೆ ಸೀಲು ಹಾಕಿ ಕೊಟ್ಟರು. "ಇದನ್ನಾದ್ರೂ ಇಟ್ಕೊಳ್ಳಿ ಅಮ್ಮ," ಎಂದರು.

ಅದರ ಪ್ರತಿ ಲಗತ್ತಿಸಿ ಸಭೆಯ ಆ ಅಧಿಕಾರಿಯ ಕಚೇರಿಗೆ ಆಕ್ಷೇಪಣೆ ಬರೆದೆ. ಅಂಗಡಿಯಲ್ಲಲ್ಲ, ಮನೆಯಲ್ಲಿ, ಕೈಯಲ್ಲೇ ಬರೆದೆ. ಗಂಡ ಕೆಳಗೆ ಸಹಿ ಹಾಕಿದರು. ಮಾವನೂ ರುಜು ಹಾಕಿದರು. ಮೊದಲು ಹಾಕಿದ್ದ ರುಜು ತಪ್ಪು ತಿಳುವಳಿಕೆಯಿಂದ ಹಾಕಿದ್ದು ಎಂದು ನನ್ನಿಂದಲೇ ಒಂದು ಸಾಲು ಬರೆಸಿದರು. ಮನೆಯಲ್ಲಿ ಅದಕ್ಕೆ ದೊಡ್ಡ ರಾದ್ಧಾಂತವೇ ಆಯಿತೆಂದು ಆಮೇಲೆ ಕೇಳಿದೆ. ಶ್ರಾವಣದಲ್ಲಿ ಮಾವ ತೀರಿಕೊಂಡರು. ನಾವು ಸಾವಿನ ಮನೆಗೆ ಹೋದಾಗ ಮೊಮ್ಮಕ್ಕಳು ನಮ್ಮನ್ನು ಮಾತಾಡಿಸಲಿಲ್ಲ.

ದೀಪಾವಳಿಗೆ ಮುಂಚೆ ಆ ಕಚೇರಿಯಿಂದ ಉತ್ತರ ಬಂತು. ಒಂದೇ ಪುಟ. ತಾವು ಸಲ್ಲಿಸಿರುವ ದಾಖಲೆಯಿಂದ ಸದರಿ ಮಗು ಜನಿಸಿರುವುದು ಕಂಡುಬರುತ್ತದೆಯೇ ಹೊರತು ಮೃತಪಟ್ಟಿರುವುದಾಗಲಿ, ಮೇಲ್ಕಂಡ ಸ್ವತ್ತಿನಲ್ಲಿ ಹೂಳಲ್ಪಟ್ಟಿರುವುದಾಗಲಿ ದೃಢಪಡುವುದಿಲ್ಲ, ಆದ್ದರಿಂದ ಆಕ್ಷೇಪಣೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ ಎಂದು ಬರೆದಿತ್ತು. ಎರಡು ಸಲ ಓದಿದೆ. ಎಲ್ಲೂ ಒಂದು ಅಕ್ಷರ ತಪ್ಪಿರಲಿಲ್ಲ. ಗಂಡನಿಗೆ ಓದಿ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ ಕೇಳಿದರು. "ಸತ್ತಿಲ್ಲ ಅಂತಿದ್ದಾರಾ?" ಎಂದರು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟರು. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಕೀಲರನ್ನು ನೋಡಿ ಎಂದು ಒಂದಿಬ್ಬರು ಹೇಳಿದರು. ಒಬ್ಬರನ್ನು ನೋಡಿದೆವು. ಊರಿನವರು ಹತ್ತು ಜನ ಸೇರಿ ಬಂದರೆ ಏನಾದರೂ ಮಾಡಬಹುದು ಎಂದರು. ಆ ಮುದುಕಿಯ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ಮಗ, ಅಮ್ಮ ಊರಲ್ಲಿಲ್ಲ ಎಂದ. ಒಳಗಿನಿಂದ ಅವಳ ಕೆಮ್ಮು ಕೇಳಿಸುತ್ತಿತ್ತು. ನಾನು ಅಲ್ಲಿಂದ ವಾಪಸ್ ಬಂದೆ. ಮತ್ತೆ ಯಾರ ಬಾಗಿಲಿಗೂ ಹೋಗಲಿಲ್ಲ. ಇನ್ನಷ್ಟು ಮನೆ ಹತ್ತಿ ಇಳಿಯಬೇಕಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಈಗ ಅಲ್ಲಿ ಮಣ್ಣು ಪರೀಕ್ಷೆಯ ಯಂತ್ರ ಬಂದಿದೆ. ಟವರಿಗೆ ಪೂರ್ತಿ ಅನುಮತಿ ಸಿಕ್ಕಿದೆಯೋ ಇಲ್ಲವೋ ನಮಗೆ ಯಾರೂ ಹೇಳುವುದಿಲ್ಲ. ಭಾನುವಾರಗಳಲ್ಲಿ ಗಂಡ ಅಲ್ಲಿಗೆ ಹೋಗುತ್ತಾರೆ, ನಾನೂ ಕೆಲವು ಸಲ ಹೋಗುತ್ತೇನೆ. ಒಳಗೆ ಬಿಡುವುದಿಲ್ಲ. ವಾಚ್‌ಮನ್ ಗೇಟಿನ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಡುತ್ತಾನೆ. ಯಂತ್ರ ಓಡುತ್ತ ಇರುತ್ತದೆ. ನನ್ನ ಗಂಡನಿಗೆ ಆ ಸದ್ದು ಕೇಳಿಸುವುದಿಲ್ಲ, ಕಾಲಡಿಯ ನೆಲ ಅದುರುವುದು ಮಾತ್ರ ಗೊತ್ತಾಗುತ್ತದೆ. ಆಗ ಅವರು ನನ್ನ ಕಡೆ ತಿರುಗಿ ಮಗುವಿನ ವಿಷಯ ಏನಾದರೂ ಕೇಳುತ್ತಾರೆ. ಬಿಕ್ಕಳಿಕೆ ಬಂದರೆ ಅತ್ತೆ ಅದರ ನೆತ್ತಿಯ ಮೇಲೆ ಏನೋ ಇಡುತ್ತಿದ್ದರಲ್ಲ, ಏನದು ಎಂದು ಹೋದ ವಾರ ಕೇಳಿದರು. ಬಟ್ಟೆಯ ಎಳೆ ಒದ್ದೆ ಮಾಡಿ ಇಡುತ್ತಿದ್ದರು ಎಂದೆ, ಅವರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ. ಅವರು ತಲೆಯಾಡಿಸಿದರು. ಬಿಸಿಲು ಜಾಸ್ತಿಯಾದಾಗ ಇಬ್ಬರೂ ಎದ್ದು ಆಟೋ ಸಿಗುವ ಕಡೆಗೆ ನಡೆದೆವು.